ಏರಿಯಲ್ ಕಿತ್ತು ನೋಡು

ಸಾಗರದ ಪೇಟೆಯಲ್ಲಿ ರೇಡಿಯೋ ರಿಪೇರಿ ಕಲಿಯಲು ಹೋಗಿ ಕೂತ ಮೊದಲ ವಾರ ನನ್ನ ಗುರುಗಳು ಹೇಳಿಕೊಟ್ಟದ್ದು ಒಂದೇ ಪಾಠ. ಗಿರಾಕಿ ತಂದ ಸೆಟ್ಟು ಗೊರಗುಟ್ಟುತ್ತಿದ್ದರೆ ಸ್ಕ್ರೂ ಡ್ರೈವರ್ ಎತ್ತಿಕೊಳ್ಳಬೇಡ, ಮೊದಲು ಏರಿಯಲ್ ಕಿತ್ತು ನೋಡು. ಸದ್ದು ನಿಂತಿತೋ, ಅದು ಹೊರಗಿನಿಂದ ಬಂದದ್ದು: ಎಲ್ಲೋ ಹೊಡೆದ ಸಿಡಿಲು, ಪಕ್ಕದ ಹಿಟ್ಟಿನ ಗಿರಣಿಯ ಮೋಟರು, ಬೀದಿಯ ಟ್ಯೂಬ್‌ಲೈಟಿನ ಚೋಕು. ನಿಲ್ಲಲಿಲ್ಲವೋ, ಅದು ಸೆಟ್ಟಿನ ಹೊಟ್ಟೆಯೊಳಗಿನದು. ಒಳಗಿನ ಗದ್ದಲವನ್ನು ಆಕಾಶದ ತಲೆಗೆ ಕಟ್ಟಬಾರದು ಅನ್ನುತ್ತಿದ್ದರು. ಐವತ್ತು ವರ್ಷ ಇದೇ ಪಾಠದಲ್ಲಿ ಅನ್ನ ಉಂಡಿದ್ದೇನೆ. ಈ ಬ್ರಹ್ಮಾಂಡದಲ್ಲಿ ಮೊಟ್ಟಮೊದಲು ಹೊತ್ತಿದ ನಕ್ಷತ್ರಗಳನ್ನು ಹುಡುಕುವ ವಿಜ್ಞಾನಿಗಳ ಎಂಟು ದಶಕಗಳ ಕಥೆಯನ್ನು ಓದುತ್ತಾ ಹೋದಂತೆ, ಅವರೂ ಇದೇ ಪಾಠವನ್ನು ಮತ್ತೆ ಮತ್ತೆ ಕಲಿತವರು ಎನಿಸಿತು.

ನಮ್ಮದು ಮುಳುಗಡೆಯ ಮನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಮನೆ, ತೋಟ, ಭೂತಪ್ಪನ ಬನ ಎಲ್ಲ ಬಿಟ್ಟು ಎತ್ತಿನ ಗಾಡಿಯಲ್ಲಿ ಹೊರಟ ದಿನ ಅಪ್ಪಯ್ಯ ಬ್ಯಾಟರಿಯ ಮರ್ಫಿ ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಅದನ್ನು ಕೆಳಗಿಡಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹೊಸ ಊರಿನಲ್ಲಿ ಎರಡು ಅಡಿಕೆ ಮರದ ನಡುವೆ ತಾಮ್ರದ ತಂತಿ ಬಿಗಿದು ಧಾರವಾಡ ಸ್ಟೇಷನ್ ಹಿಡಿದರು. ಸ್ಟೇಷನ್ ಸಿಗುವ ಮುನ್ನ ಬರುವ ಆ ಸುರ್‍ರೆಂಬ ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಅಪ್ಪಯ್ಯ ಮೇಲೆ ಬೆರಳು ತೋರಿಸಿದ್ದು ನನಗೆ ನೆನಪಿದೆ.

2022ರ ಮಾರ್ಚ್‌ನಲ್ಲಿ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಆಂಟೆನಾ ತೇಲಿಬಿಟ್ಟು ಮೊದಲ ನಕ್ಷತ್ರಗಳ ಸುಳಿವಿಗಾಗಿ ಕಿವಿಗೊಟ್ಟಿದ್ದರಂತೆ. ಅಮ್ಮನಿಗೆ ಓದಿ ಹೇಳಿದೆ.

"ನಮ್ಮ ಮನೆ ಮುಳುಗಿದ ನೀರಲ್ಲಿ ಕೂತ್ರೆ ಅದೆಲ್ಲ ಕೇಳ್ತದನಾ?" ಅಂದಳು.

"ಇವರಿಗೆ ಕೇಳಲಿಲ್ಲ ಅಮ್ಮ. ಕೇಳಲಿಲ್ಲ ಅನ್ನೋದೇ ಸುದ್ದಿ."

ಅವಳಿಗೆ ಅದು ಅರ್ಥವಾಗಲಿಲ್ಲ. ಅವತ್ತು ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಇದು ಆ ಓದಿನ ಫಲ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ವಿಶ್ವ ಹುಟ್ಟಿ ಸುಮಾರು 3,80,000 ವರ್ಷ ಆದಾಗ ಅದು ತಣ್ಣಗಾಗಿ ಎಲ್ಲೆಡೆ ಹೈಡ್ರೋಜನ್ ಅನಿಲ ತುಂಬಿಕೊಂಡಿತು. ದೀಪವೆಂಬುದೇ ಇಲ್ಲ. ಕತ್ತಲು. ಆಮೇಲೆ ಹತ್ತಿಪ್ಪತ್ತು ಕೋಟಿ ವರ್ಷಗಳ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಅನಿಲದ ಮುದ್ದೆ ಕುಸಿದು ಹೊತ್ತಿಕೊಂಡಿತು. ಆ ನಕ್ಷತ್ರಗಳನ್ನು ಒಂದೊಂದಾಗಿ ನೋಡುವುದು ಯಾವ ದುರ್ಬೀನಿಗೂ ಈವರೆಗೆ ಆಗಿಲ್ಲ. ಆದರೆ ಅವುಗಳ ಸುತ್ತ ಇದ್ದ ಹೈಡ್ರೋಜನ್ ಸಾಕ್ಷಿ ಹೇಳಬಲ್ಲದು. ಹೈಡ್ರೋಜನ್ ಪರಮಾಣುವಿಗೆ ಹುಟ್ಟಾ ಒಂದು ಶ್ರುತಿಯಿದೆ: 1420 ಮೆಗಾಹರ್ಟ್ಜ್, ಅಂದರೆ 21 ಸೆಂಟಿಮೀಟರ್ ಉದ್ದದ ಅಲೆ. ವಿಶ್ವ ಹಿಗ್ಗುತ್ತಾ ಬಂದಂತೆ ಆ ಅಲೆಯೂ ಹಿಗ್ಗಿದೆ. ಹದಿನೆಂಟು ಪಟ್ಟು ಹಿಗ್ಗಿದ ಅಲೆ ಇಲ್ಲಿಗೆ ತಲುಪುವಾಗ ಮೂರೂಮುಕ್ಕಾಲು ಮೀಟರ್ ಆಗಿರುತ್ತದೆ, ಅದರ ಶ್ರುತಿ 79 ಮೆಗಾಹರ್ಟ್ಜಿಗೆ ಇಳಿದಿರುತ್ತದೆ. ನಿಮ್ಮ ಮನೆಯ ಎಫ್‌ಎಂ ರೇಡಿಯೋದ ಡಯಲ್ ನೋಡಿ. ಮುಳ್ಳು 88ಕ್ಕೆ ಬಂದು ನಿಲ್ಲುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಒಂದು ಬೆರಳು ಕೆಳಗೆ ಇದೆ. ಒಂದು ಕಾಲದಲ್ಲಿ ದೂರದರ್ಶನದ ಕೆಳಗಿನ ಚಾನೆಲ್‌ಗಳು ಆ ಸೀಮೆಯ ಒಂದು ಪಾಲಿನಲ್ಲಿ ಇದ್ದವು. ಅವಕ್ಕಾಗಿ ಎರಡು ಮೀಟರಿಗೂ ಮಿಕ್ಕಿದ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಬೇಕಿತ್ತು. ಅಷ್ಟು ಉದ್ದದ ಕಡ್ಡಿಯನ್ನು ಹೆಂಚಿನ ಮೇಲೆ ನಿಂತು ತಿರುಗಿಸಿದವರಿಗೆ ಆ ಅಲೆಯ ಅಳತೆ ಕೈಗೇ ಗೊತ್ತಿರುತ್ತದೆ.

ಈ ಶ್ರುತಿಯನ್ನು ಮೊದಲು ಲೆಕ್ಕ ಹಾಕಿದ್ದು ಯುದ್ಧದ ನಡುವೆ. 1944ರಲ್ಲಿ ಹಾಲೆಂಡ್ ಜರ್ಮನರ ವಶದಲ್ಲಿತ್ತು. ಆಕಾಶದಿಂದ ರೇಡಿಯೋ ಸದ್ದು ಬರುತ್ತದೆ ಎಂದು ಅಮೆರಿಕದ ಗ್ರೋಟ್ ರೀಬರ್ ಬರೆದ ಲೇಖನ ಹೇಗೋ ಲೈಡನ್ ಊರಿಗೆ ಬಂದು ಮುಟ್ಟಿತ್ತು. ಖಗೋಳ ವಿಜ್ಞಾನಿ ಯಾನ್ ಊರ್ಟ್ ಅದನ್ನು ಓದಿ, ರೇಡಿಯೋದಲ್ಲಿ ಹಿಡಿಯಬಹುದಾದ ಒಂದು ನಿಶ್ಚಿತ ಶ್ರುತಿ ಇದ್ದೀತೇ ಲೆಕ್ಕ ಹಾಕು ಎಂದು ಹೆಂಡ್ರಿಕ್ ಫಾನ್ ಡ ಹುಲ್ಸ್ಟ್ ಎಂಬ ಹುಡುಗನಿಗೆ ಹೇಳಿದರು. ಇನ್ನೂ ವಿದ್ಯಾರ್ಥಿಯಾಗಿದ್ದ ಆತ ಹೈಡ್ರೋಜನ್ನಿನ 21 ಸೆಂಟಿಮೀಟರ್ ಎಂಬ ಉತ್ತರ ತಂದ.

ಲೆಕ್ಕ ಬಂತು, ಕೇಳಿಸುವುದು ಬಾಕಿ. ಯುದ್ಧ ಮುಗಿದ ಮೇಲೆ ಜರ್ಮನರು ಬಿಟ್ಟುಹೋದ ರೇಡಾರ್ ತಟ್ಟೆಯೊಂದನ್ನು ಇಟ್ಟುಕೊಂಡು ಡಚ್ಚರು ಹುಡುಕತೊಡಗಿದರು. 1950ರಲ್ಲಿ ಬೆಂಕಿ ಬಿದ್ದು ಅವರ ರಿಸೀವರ್ ಸುಟ್ಟುಹೋಯಿತು. ಅತ್ತ ಹಾರ್ವರ್ಡ್‌ನಲ್ಲಿ ಹೆರಾಲ್ಡ್ ಯೂವೆನ್ ಎಂಬ ವಿದ್ಯಾರ್ಥಿ, ಎಡ್ವರ್ಡ್ ಪರ್ಸೆಲ್ ಎಂಬ ಗುರುವಿನ ಮಾರ್ಗದರ್ಶನದಲ್ಲಿ, ಪ್ಲೈವುಡ್ಡಿಗೆ ತಾಮ್ರದ ತಗಡು ಹೊಡೆದು ದೊಡ್ಡ ಆಲಿಕೆಯಂಥ ಹಾರ್ನ್ ಮಾಡಿ ಪ್ರಯೋಗಾಲಯದ ಕಿಟಕಿಯ ಹೊರಗೆ ಚಾಚಿದ್ದ. ಅದಕ್ಕೆ ಸಿಕ್ಕ ಅನುದಾನ 500 ಡಾಲರ್. ಮಳೆ ಬಂದರೆ ಆ ಆಲಿಕೆಯಿಂದ ನೀರು ಒಳಕ್ಕೇ ಸುರಿಯುತ್ತಿತ್ತು, ಚಳಿಗಾಲದಲ್ಲಿ ಹುಡುಗರು ಅದರ ಬಾಯಿಗೆ ಹಿಮದ ಉಂಡೆ ಎಸೆಯುತ್ತಿದ್ದರು. 1951ರ ಮಾರ್ಚ್ 25ರಂದು ಅದರಲ್ಲಿ ನಮ್ಮ ಗೆಲಾಕ್ಸಿಯ ಹೈಡ್ರೋಜನ್ ಕೇಳಿಸಿತು.

ಯೂವೆನ್ ಗೆದ್ದದ್ದು ಏತರಿಂದ ಎಂಬುದು ನನ್ನಂಥವನಿಗೆ ಮುಖ್ಯ. ಆತ ರಿಸೀವರನ್ನು ಒಮ್ಮೆ ಹೈಡ್ರೋಜನ್ನಿನ ಶ್ರುತಿಗೆ, ಮರುಕ್ಷಣ ಪಕ್ಕದ ಶ್ರುತಿಗೆ ಹೀಗೆ ಹಿಂದೆಮುಂದೆ ಆಡಿಸುತ್ತಾ ಎರಡರ ವ್ಯತ್ಯಾಸ ನೋಡುತ್ತಿದ್ದ. ಸೆಟ್ಟಿನ ಸ್ವಂತ ಗದ್ದಲ ಎರಡರಲ್ಲೂ ಒಂದೇ, ಕಳೆದರೆ ಹೋಗುತ್ತದೆ. ಉಳಿದದ್ದು ಆಕಾಶದ್ದು. ಏರಿಯಲ್ ಕಿತ್ತು ನೋಡುವುದರ ಸುಧಾರಿಸಿದ ರೂಪ ಅದು. ಅಲ್ಲಿಂದ ಮುಂದೆ ನಡೆದದ್ದು ಇನ್ನೂ ದೊಡ್ಡದು. ಫಾನ್ ಡ ಹುಲ್ಸ್ಟ್ ಆಗ ಹಾರ್ವರ್ಡ್‌ಗೇ ಬಂದಿದ್ದರು. ಪರ್ಸೆಲ್ ಮತ್ತು ಯೂವೆನ್ ತಮ್ಮ ವಿಧಾನವನ್ನು ಬಿಚ್ಚಿ ಹೇಳಿದರು, ಡಚ್ಚರೂ ಆಸ್ಟ್ರೇಲಿಯದವರೂ ಅದೇ ಶ್ರುತಿಯನ್ನು ಕೇಳಿ ಖಚಿತಪಡಿಸುವವರೆಗೆ ಕಾದರು. ಫಲಿತಾಂಶಗಳು ಆ ಸೆಪ್ಟೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾದವು. ಒಬ್ಬನಿಗೆ ಕೇಳಿಸಿದರೆ ಸಾಲದು, ಬೇರೆ ಸೆಟ್ಟಿನಲ್ಲಿ ಬೇರೆಯವರಿಗೂ ಕೇಳಿಸಬೇಕು ಎಂಬ ನಿಯಮ ಈ ಕಸುಬಿನ ಹುಟ್ಟಿನಲ್ಲೇ ಇದೆ.

ಮೊದಲ ನಕ್ಷತ್ರಗಳು ಈ ಶ್ರುತಿಯ ಮೇಲೆ ಹೇಗೆ ಗುರುತು ಮಾಡುತ್ತವೆ ಎಂಬುದಕ್ಕೆ ಬೇಕಾದ ಭೌತಶಾಸ್ತ್ರವನ್ನು 1952ರಲ್ಲಿ ವೌಟ್‌ಹೌಸೆನ್, 1958ರಲ್ಲಿ ಜಾರ್ಜ್ ಫೀಲ್ಡ್ ಬರೆದಿಟ್ಟರು. ಸರಳವಾಗಿ ಹೇಳುವುದಾದರೆ, ನಕ್ಷತ್ರದ ಅತಿನೇರಳೆ ಬೆಳಕು ಬಿದ್ದ ಕೂಡಲೇ ಹೈಡ್ರೋಜನ್ ತನ್ನ ಸುತ್ತಲಿನ ಹಳೆಯ ರೇಡಿಯೋ ಬೆಳಕನ್ನು ಹೀರತೊಡಗುತ್ತದೆ. ಆಕಾಶದ ಸದ್ದಿನಲ್ಲಿ ಆ ಶ್ರುತಿಯಲ್ಲಿ ಒಂದು ತಗ್ಗು ಬೀಳುತ್ತದೆ. ಹುಡುಕಬೇಕಾದದ್ದು ಈ ತಗ್ಗನ್ನು.

ತಗ್ಗು ಎಷ್ಟು ಆಳ? ರೇಡಿಯೋದವರು ಸದ್ದನ್ನು ಉಷ್ಣತೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಶ್ರುತಿಗಳಲ್ಲಿ ನಮ್ಮ ಗೆಲಾಕ್ಸಿಯೇ ಸಾವಿರಾರು ಡಿಗ್ರಿಯಷ್ಟು ಗದ್ದಲ ಮಾಡುತ್ತದೆ. ಸಿದ್ಧಾಂತದವರು ಹೇಳುವ ತಗ್ಗು ಹೆಚ್ಚೆಂದರೆ ಒಂದು ಡಿಗ್ರಿಯ ಐದನೇ ಒಂದು ಪಾಲು. ಮಾರಿಜಾತ್ರೆಯ ದಿನ ದೇವಸ್ಥಾನದ ಎದುರು ನಿಂತು, ಪೇಟೆಯ ಆಚೆ ತುದಿಯಲ್ಲಿ ಗಡಿಯಾರದ ಟಿಕ್‌ಟಿಕ್ ಒಂದು ಕ್ಷಣ ನಿಂತದ್ದನ್ನು ಗುರುತಿಸಬೇಕು.

ಇನ್ನು ನಮ್ಮ ನಾಡಿನ ಕಥೆ. ಅದು ಗೌರಿಬಿದನೂರಿನಿಂದ ಶುರುವಾಗುತ್ತದೆ. ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ 1972ರಲ್ಲಿ ರಾಮನ್ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆಸ್ಟ್ರೇಲಿಯದಲ್ಲಿ ಇದೇ 21 ಸೆಂಟಿಮೀಟರ್ ಶ್ರುತಿಯ ಮೇಲೆ ದುಡಿದವರು, ಕೈಯಾರೆ ಸಲಕರಣೆ ಕಟ್ಟುವವರು, ಬಿಡುವಿನಲ್ಲಿ ಹಾಯಿದೋಣಿಯ ಹುಚ್ಚಿದ್ದವರು. ಅವರ ಕಾಲದಲ್ಲಿ ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಜಿನ ದೂರದರ್ಶಕ ಕಟ್ಟಿದವು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ಆಗೊಂದು ಭಾನುವಾರ ಗೆಳೆಯನ ಜತೆ ರೈಲು ಹತ್ತಿ ಗೌರಿಬಿದನೂರಿಗೆ ಹೋಗಿ, ಆ ಬಯಲನ್ನು ಬೇಲಿಯ ಹೊರಗಿನಿಂದ ನೋಡಿ ಬಂದೆ. ದುರ್ಬೀನು ಎಂದರೆ ಗೋಲಾಕಾರದ ಕಟ್ಟಡ, ತೆರೆದುಕೊಳ್ಳುವ ಛಾವಣಿ ಎಂದುಕೊಂಡಿದ್ದವನಿಗೆ ಅಲ್ಲಿ ಕಂಡದ್ದು ಬೋಳು ಗುಡ್ಡಗಳ ನಡುವೆ ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿದ ಕಂಬಗಳು. ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರ್, ಅದಕ್ಕೆ ಅಡ್ಡಲಾಗಿ ದಕ್ಷಿಣಕ್ಕೆ ಇನ್ನೊಂದು ಸಾಲು, ಒಟ್ಟು 1000 ಡೈಪೋಲ್. ನಮ್ಮಪ್ಪಯ್ಯ ಅಡಿಕೆ ಮರಕ್ಕೆ ಕಟ್ಟಿದ ತಂತಿಯ ಸಾವಿರ ಪ್ರತಿ! ಎಷ್ಟು ಹೊತ್ತು ನಿಂತು ನೋಡಿದೆನೋ, ವಾಪಸು ಬರುವ ರೈಲು ತಪ್ಪಿತು. ಅಲ್ಲಿಂದ ಮಾಡಿದ ಆಕಾಶದ ನಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಗೆಲಾಕ್ಸಿ ಈ ಕೆಳಶ್ರುತಿಗಳಲ್ಲಿ ಎಲ್ಲಿ ಎಷ್ಟು ಗದ್ದಲ ಮಾಡುತ್ತದೆ ಎಂಬುದರ ನಕ್ಷೆ ಅದು. ಜಾತ್ರೆಯ ಸದ್ದನ್ನು ಮೊದಲು ಪೂರ್ತಿ ಅರಿಯದೆ ಗಡಿಯಾರದ ಸದ್ದಿಗೆ ಹೊರಡಲು ಬರುವುದಿಲ್ಲ. ಉದಯಶಂಕರ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ.

ಈ ಶತಮಾನದಲ್ಲಿ ಅದೇ ಸಂಸ್ಥೆಯಲ್ಲಿ ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು 'ಸರಸ್' ಎಂಬ ಸಲಕರಣೆ ಕಟ್ಟಲು ಕೂತರು. ಮೊದಲನೆಯದನ್ನು ಗೌರಿಬಿದನೂರಿನಲ್ಲಿ ಇಟ್ಟು ಪರೀಕ್ಷಿಸಿದರು. ಎರಡನೆಯದು ಆಂಧ್ರದ ತಿಂಬಕ್ಟುವಿನ ನಿಶ್ಶಬ್ದ ಬಯಲಿನಲ್ಲಿ ಕೂತು, 2017ರಲ್ಲಿ ಕೆಲವು ಸಿದ್ಧಾಂತಗಳನ್ನು ಅಲ್ಲಗಳೆಯಿತು. ಸರಸ್ ಎಂಬುದು ಇಂಗ್ಲಿಷ್ ಪದಗಳಿಂದ ಆಯ್ದು ಕಟ್ಟಿದ ಹೆಸರು. ಸಂಸ್ಕೃತದಲ್ಲಿ ಸರಸ್ಸು ಎಂದರೆ ಕೆರೆ. ಮೂರನೆಯ ಸರಸ್ ಕೆರೆಗೇ ಇಳಿಯಿತು.

ಅಷ್ಟರಲ್ಲಿ ದೊಡ್ಡ ಸುದ್ದಿ ಬಂದಿತ್ತು. 2018ರ ಮಾರ್ಚ್‌ನಲ್ಲಿ ಅಮೆರಿಕದ ಜಡ್ ಬೌಮನ್ ಮತ್ತು ಸಂಗಡಿಗರು ತಗ್ಗು ಸಿಕ್ಕಿತು ಎಂದು 'ನೇಚರ್'ನಲ್ಲಿ ಬರೆದರು. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಎಂಬ ಜನವಿಲ್ಲದ ಸೀಮೆಯಲ್ಲಿ ಊಟದ ಮೇಜಿನಷ್ಟು ದೊಡ್ಡ ಆಂಟೆನಾ, ಅದರಡಿ ನೆಲಕ್ಕೆ ಹಾಸಿದ ಲೋಹದ ಜಾಲರಿ. ಹೆಸರು ಎಡ್ಜಸ್. 78 ಮೆಗಾಹರ್ಟ್ಜಿನಲ್ಲಿ ಅರ್ಧ ಡಿಗ್ರಿಯ ತಗ್ಗು. ಸಿದ್ಧಾಂತ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳ. ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಹೈಡ್ರೋಜನ್ನನ್ನು ತಂಪು ಮಾಡಿರಬೇಕು ಎಂದು ರೆನ್ನನ್ ಬರ್ಕಾನಾ ಅದೇ ಸಂಚಿಕೆಯಲ್ಲಿ ಬರೆದರು. ಜಗತ್ತೆಲ್ಲ ಗುಲ್ಲೆದ್ದಿತು. ಎಡ್ಜಸ್ ತಂಡದವರು ಅಂತಿಂಥ ಕೆಲಸಗಾರರಲ್ಲ. ವರ್ಷಗಟ್ಟಲೆ ಒಂದೊಂದೇ ಭಾಗ ಬದಲಿಸಿ, ಆಂಟೆನಾವನ್ನೇ ತಿರುಗಿಸಿ ನೋಡಿದವರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಸೆಟ್ಟಿನಲ್ಲಿ ಕೇಳಿದ್ದನ್ನು ಇನ್ನೊಂದು ಸೆಟ್ಟಿನಲ್ಲಿ ಕೇಳಬೇಕಲ್ಲ.

ಇಲ್ಲಿ ತೊಡಕು ಎಲ್ಲಿದೆ ಎಂದರೆ, ಏರಿಯಲ್ ಕಿತ್ತು ನೋಡಿ ರಿಸೀವರಿನ ದೋಷ ಹಿಡಿಯಬಹುದು, ಏರಿಯಲ್ಲಿನ ದೋಷವನ್ನೇ ಹಿಡಿಯುವುದು ಹೇಗೆ? ಏರಿಯಲ್ ನಿಂತ ನೆಲದ ದೋಷವನ್ನು? ಟಿವಿ ಆಂಟೆನಾ ಕಟ್ಟಿದವರಿಗೆಲ್ಲ ಇದು ಗೊತ್ತು. ತಗಡಿನ ಮಾಡಿನ ಹತ್ತಿರ ಕಟ್ಟಿದರೆ ಪರದೆಯಲ್ಲಿ ಒಬ್ಬ ಮನುಷ್ಯನ ಪಕ್ಕ ಅವನದೇ ನೆರಳು ನಿಲ್ಲುತ್ತದೆ. ನೇರ ಬಂದ ಅಲೆಗೂ ತಗಡಿಗೆ ಬಡಿದು ತಡವಾಗಿ ಬಂದ ಅಲೆಗೂ ಜಗಳ. ನೆಲದಲ್ಲೂ ಹಾಗೇ. ಮೇಲೆ ಒಣ ಮಣ್ಣು, ಕೆಳಗೆ ಹಸಿ ಮಣ್ಣು, ಅದರ ಕೆಳಗೆ ಬಂಡೆ. ಒಂದೊಂದು ಪದರಕ್ಕೂ ಅಲೆ ಒಂದಿಷ್ಟು ಹಿಂದಿರುಗುತ್ತದೆ. ಅದರಿಂದ ಅಳತೆಯ ಗೆರೆಯಲ್ಲಿ ಸಣ್ಣ ಏರುತಗ್ಗು ಮೂಡುತ್ತದೆ. ನಕ್ಷತ್ರದ್ದು ಎಂದು ಹುಡುಕುತ್ತಿರುವುದೂ ಒಂದು ತಗ್ಗೇ.

ಬೆಂಗಳೂರಿನವರು ಕೊಟ್ಟ ಉತ್ತರ ನೀರು. ಕೆರೆಯ ನೀರಿನಲ್ಲಿ ಪದರಗಳಿಲ್ಲ, ಮೇಲಿನಿಂದ ತಳದವರೆಗೆ ಒಂದೇ. ಅದರ ಡೈಎಲೆಕ್ಟ್ರಿಕ್ ಗುಣ ಸುಮಾರು 80, ಒಣ ಮಣ್ಣಿನದು ಬೆರಳೆಣಿಕೆಯಷ್ಟು. ಎ. ರಘುನಾಥನ್ ಮತ್ತು ಜತೆಗಾರರು ತೇಲುವ ಆಂಟೆನಾ ಒಂದನ್ನು ರೂಪಿಸಿದರು: ಕೆಳಗೊಂದು ಲೋಹದ ತಟ್ಟೆ, ಅದರ ಮೇಲೆ ತುದಿ ಕೆಳಗಾಗಿ ನಿಂತ ಶಂಕು. 55ರಿಂದ 85 ಮೆಗಾಹರ್ಟ್ಜ್ ತನಕ ಅದರ ನಡೆ ಒಂದೇ ಸಮ. ಅದನ್ನು ತೆಪ್ಪಕ್ಕೆ ಕೂರಿಸಿ, ಕೇಳಿದ್ದನ್ನು ಆಪ್ಟಿಕಲ್ ಫೈಬರ್ ಎಳೆಯಲ್ಲಿ ದಡಕ್ಕೆ ತಂದರು. ತಾಮ್ರದ ತಂತಿಯಾಗಿದ್ದರೆ ಅದೂ ಒಂದು ಏರಿಯಲ್ ಆಗಿಬಿಡುತ್ತಿತ್ತು. 2020ರ ಆರಂಭದಲ್ಲಿ ಮೊದಲು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ನಮ್ಮ ಶರಾವತಿ ಹಿನ್ನೀರಿನಲ್ಲಿ ಆ ತೆಪ್ಪ ತೇಲಿತು.

ನಾನು ಆ ತೆಪ್ಪವನ್ನು ಕಂಡವನಲ್ಲ, ಚಿತ್ರದಲ್ಲಿ ನೋಡಿದ್ದು. ಆದರೆ ಆ ನೀರನ್ನು ಬಲ್ಲೆ. ಬೇಸಿಗೆಯ ಹೊತ್ತಿಗೆ ಹಿನ್ನೀರು ಇಳಿದು ಕೆಂಪು ಮಣ್ಣಿನ ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಒಣಗಿದ ಮರದ ಬೊಡ್ಡೆಗಳು ತಲೆ ಎತ್ತುತ್ತವೆ. ನೀರು ಬಹಳ ಇಳಿದ ವರ್ಷ 1948ರ ಹಿರೇಭಾಸ್ಕರ ಅಣೆಕಟ್ಟೂ ಹೊರಗೆ ಬರುತ್ತದೆ. ಹೊಸ ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೆಯ ಅಣೆಕಟ್ಟು ಅದು. ರಾತ್ರಿ ಕಡೆಯ ಲಾಂಚ್ ನಿಂತ ಮೇಲೆ ಅಲ್ಲಿ ಮೋಟರಿಲ್ಲ, ದೀಪವಿಲ್ಲ. ಸಾವಿರಾರು ಮನೆಗಳನ್ನು ಎಬ್ಬಿಸಿ ನಾವು ಪಡೆದ ನೀರು ಮುಖ್ಯವಾಗಿ ಕರೆಂಟಿಗಾಗಿ. ಮನೆ ಬಿಟ್ಟುಬಂದ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ. ಆದರೂ ಆ ನೀರಿನ ಮೇಲೆ ಕೂತು ಇಂಥದ್ದೊಂದು ಪ್ರಶ್ನೆ ಕೇಳಿದರು ಎಂಬುದು ನನಗೆ ಸಮಾಧಾನ ಕೊಟ್ಟಿದೆ. ಇದನ್ನು ಮುಚ್ಚಿಡಲಾರೆ.

ಸೌರಭ್ ಸಿಂಗ್ ಮೊದಲ ಹೆಸರಾಗಿ, ರವಿ ಸುಬ್ರಹ್ಮಣ್ಯನ್, ಗೌರಿಬಿದನೂರಿನ ನಕ್ಷೆ ಮಾಡಿದ ಅದೇ ಉದಯಶಂಕರ್, ಮಯೂರಿ ರಾವ್, ಬಿ. ಎಸ್. ಗಿರೀಶ್, ರಘುನಾಥನ್, ಆರ್. ಸೋಮಶೇಖರ್, ಕೆ. ಎಸ್. ಶ್ರೀವಾಣಿ ಇವರೆಲ್ಲರ ಹೆಸರಲ್ಲಿ ಲೇಖನ 'ನೇಚರ್ ಆಸ್ಟ್ರಾನಮಿ'ಯಲ್ಲಿ ಬಂದದ್ದು 2022ರ ಫೆಬ್ರವರಿ 28ರಂದು. ರಾಮನ್ ಪರಿಣಾಮದ ನೆನಪಿಗಾಗಿ ದೇಶ ವಿಜ್ಞಾನ ದಿನ ಆಚರಿಸುವ ದಿನ ಅದು. ಎಡ್ಜಸ್ ಹೇಳಿದ ಆಕಾರದ ತಗ್ಗು ಸರಸ್‌ನ ಅಳತೆಯಲ್ಲಿ ಇಲ್ಲ. ಶೇಕಡಾ 95.3 ವಿಶ್ವಾಸದಿಂದ ಅದನ್ನು ತಳ್ಳಿಹಾಕಬಹುದು. ಆ ತಗ್ಗು ಆಕಾಶದ್ದಾಗಿರದೆ ಸಲಕರಣೆಯದೇ ಇರುವ ಸಂಭವ ಹೆಚ್ಚು ಎಂಬುದು ಅವರ ತೀರ್ಮಾನ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಸಿಕ್ಕಿತು ಎಂದು ಹೇಳುವುದಕ್ಕೆ ಎಷ್ಟು ಕೆಲಸ ಬೇಕೋ, ಸಿಗಲಿಲ್ಲ ಎಂದು ಹೇಳುವುದಕ್ಕೂ ಅಷ್ಟೇ ಬೇಕು. ಸೆಟ್ಟು ಕೆಟ್ಟಿದ್ದರೂ ಏನೂ ಕೇಳುವುದಿಲ್ಲ. ಇದ್ದಿದ್ದರೆ ಖಂಡಿತ ಕೇಳುತ್ತಿತ್ತು, ಆದ್ದರಿಂದ ಅದು ಇಲ್ಲ ಎನ್ನಬೇಕಾದರೆ ಒಂದೊಂದು ಬೆಸುಗೆಯನ್ನೂ ಬಲ್ಲವನಾಗಿರಬೇಕು. ಅದೇ ವರ್ಷದ ಕೊನೆಗೆ ಕೇಂಬ್ರಿಜ್‌ನ ಹ್ಯಾರಿ ಬೆವಿನ್ಸ್ ಮತ್ತು ಜತೆಗಾರರು ಇದೇ ಸರಸ್ ಅಳತೆಯಿಂದ, ವಿಶ್ವಕ್ಕೆ ಇಪ್ಪತ್ತು ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿಗಳು ಎಂಥವು ಆಗಿರಲಾರವು ಎಂದು ಲೆಕ್ಕ ಹಾಕಿದರು. ಏನೂ ಕೇಳದ ಅಳತೆ ಅಷ್ಟನ್ನು ಹೇಳಿತು.

ಹುಡುಕಾಟ ನಿಂತಿಲ್ಲ. ದಕ್ಷಿಣ ಆಫ್ರಿಕದ ಕರೂ ಬಯಲಿನಲ್ಲಿ ಹೆರಾ, ರೀಚ್ ಎಂಬ ದೂರದರ್ಶಕಗಳಿವೆ. ರಾಮನ್ ಸಂಸ್ಥೆಯವರು 'ಪ್ರತುಷ್' ಎಂಬ ಉಪಗ್ರಹದ ತಯಾರಿಯಲ್ಲಿದ್ದಾರೆ. ಚಂದ್ರನ ಸುತ್ತ ತಿರುಗುತ್ತಾ, ಚಂದ್ರನ ಹಿಂಬದಿಗೆ ಹೋದಾಗ ಕಿವಿಗೊಡುವ ಯೋಜನೆ ಅದು. ಅಲ್ಲಿ ಭೂಮಿಯ ಒಂದು ಸ್ಟೇಷನ್ನೂ ಕೇಳುವುದಿಲ್ಲ. ಮೊದಲ ನಕ್ಷತ್ರಗಳ ಆ ತಗ್ಗನ್ನು ಎರಡು ಬೇರೆ ಸೆಟ್ಟುಗಳು ಒಪ್ಪುವಂತೆ ಈವರೆಗೆ ಯಾರೂ ಹಿಡಿದಿಲ್ಲ.

ಸಾಗರ ಮತ್ತು ಗೌರಿಬಿದನೂರು ಕಡೆಯ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಬರುವ ಫೆಬ್ರವರಿ 28ಕ್ಕೆ ಮಕ್ಕಳನ್ನು ಕೆರೆ ದಂಡೆಗೋ ಹಿನ್ನೀರಿನ ದಂಡೆಗೋ ಕರೆದುಕೊಂಡು ಹೋಗಿ. ಮುಳ್ಳು ತಿರುಗಿಸುವ ಹಳೆಯ ಎಫ್‌ಎಂ ಸೆಟ್ಟು ಒಂದು ಜತೆಗಿರಲಿ. ನಿಮ್ಮಲ್ಲಿ ಇಲ್ಲದಿದ್ದರೆ ನನ್ನ ಅಂಗಡಿಯಲ್ಲಿ ನಾಲ್ಕಿವೆ, ಒಯ್ಯಿರಿ. ಮುಳ್ಳನ್ನು 88ರವರೆಗೆ ಇಳಿಸಿ, ಇದಕ್ಕಿಂತ ಕೆಳಗೆ ಎಂದು ಹೇಳಿ, ನೀರನ್ನು ತೋರಿಸಿ.